ಇಳಿವಯಸ್ಸಿಗೊಂದು ಕೂಡುತಾಣ: ಡಾರ್ಬಿ ಮತ್ತು ಜೋನ್ ಕ್ಲಬ್ಬುಗಳ ಕಥನ

ಕ್ಲಬ್ಬು ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮ ಜನರ ಕಣ್ಣಮುಂದೆ ಬರುವುದು ಎರಡೇ ಚಿತ್ರ. ಒಂದು, ಇಸ್ಪೀಟು, ಕುಡಿತ ಮತ್ತು ಪೊಲೀಸರ ದಾಳಿ. ಇನ್ನೊಂದು, ದೊಡ್ಡ ಗೇಟು, ಗೇಟಿಗೊಬ್ಬ ಕಾವಲುಗಾರ, ಒಳಗೆ ಹುಲ್ಲುಹಾಸು ಮತ್ತು ಬಿಲಿಯರ್ಡ್ಸ್ ಮೇಜು. ಎರಡನೆಯದಕ್ಕೆ ಬೆಂಗಳೂರಿನಲ್ಲೇ ಹಳೆಯ ಉದಾಹರಣೆಯಿದೆ. 1868ರಲ್ಲಿ ಬ್ರಿಟಿಷ್ ಸೇನಾಧಿಕಾರಿಗಳಿಗಾಗಿ ಹುಟ್ಟಿದ ಬೆಂಗಳೂರು ಕ್ಲಬ್ಬಿನ ಹಳೆಯ ಲೆಕ್ಕದ ಪುಸ್ತಕದಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಎಂಬ ಯುವಕ 13 ರೂಪಾಯಿ ಬಾಕಿ ಉಳಿಸಿಕೊಂಡು ಹೋದದ್ದು ದಾಖಲಾಗಿದೆ. ಆ ಬಾಕಿಯನ್ನು ವಸೂಲಾಗದ ಸಾಲವೆಂದು 1899ರಲ್ಲಿ ಬರೆದುಹಾಕಲಾಯಿತು.

ಅದೇ ಚರ್ಚಿಲ್ ಇಂಗ್ಲೆಂಡಿನ ಪ್ರಧಾನಿಯಾಗಿ ಎರಡನೆಯ ಮಹಾಯುದ್ಧ ನಡೆಸುತ್ತಿದ್ದ ಕಾಲದಲ್ಲಿ, 1942ರಲ್ಲಿ, ದಕ್ಷಿಣ ಲಂಡನ್ನಿನ ಸ್ಟ್ರೆಥಮ್ ಎಂಬ ಬಡಾವಣೆಯಲ್ಲಿ ಬೇರೆಯೇ ಜಾತಿಯ ಒಂದು ಕ್ಲಬ್ಬು ಹುಟ್ಟಿತು. ಅಲ್ಲಿ ಹುಲ್ಲುಹಾಸು ಇರಲಿಲ್ಲ, ಕಾವಲುಗಾರ ಇರಲಿಲ್ಲ. ಅದರ ಸದಸ್ಯರು ಬಹುತೇಕ ಪಿಂಚಣಿಯಲ್ಲಿ ಬದುಕುತ್ತಿದ್ದ ಮುದುಕ ಮುದುಕಿಯರು. ವಾರಕ್ಕೊಂದು ಮಧ್ಯಾಹ್ನ ಒಂದು ಬೆಚ್ಚಗಿನ ಕೋಣೆ, ಒಂದು ಕಪ್ಪು ಚಹಾ, ಎರಡು ಮಾತು. ಅದಕ್ಕೆ ಅವರು ಇಟ್ಟ ಹೆಸರು 'ಡಾರ್ಬಿ ಮತ್ತು ಜೋನ್ ಕ್ಲಬ್'. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಇಂಥ ಕ್ಲಬ್ಬುಗಳ ಸಂಖ್ಯೆ ಬ್ರಿಟನ್ನಿನಲ್ಲಿ ಸಾವಿರವನ್ನು ದಾಟಿತು.

ರಾಜಮಹಾರಾಜರ, ಯುದ್ಧಗಳ, ಒಪ್ಪಂದಗಳ ಚರಿತ್ರೆಯಲ್ಲಿ ಈ ಚಹಾದ ಕೋಣೆಗೆ ಜಾಗವಿಲ್ಲ. ಆದರೂ ಅದರ ಚರಿತ್ರೆಯನ್ನು ನಾವಿಲ್ಲಿ ಹೇಳಲು ಹೊರಟಿರುವುದಕ್ಕೆ ಕಾರಣವಿದೆ. ವಯಸ್ಸಾದವರಿಗೆ ಏನು ಬೇಕು ಎಂಬ ಪ್ರಶ್ನೆಗೆ ಅನ್ನ, ಬಟ್ಟೆ, ಔಷಧಿ, ಗೌರವ ಎಂದು ನಾವು ಥಟ್ಟನೆ ಉತ್ತರ ಕೊಟ್ಟುಬಿಡುತ್ತೇವೆ. ಆ ಪಟ್ಟಿಯಲ್ಲಿ ಏನು ಬಿಟ್ಟುಹೋಗಿದೆ ಎಂಬುದನ್ನು ಈ ಕ್ಲಬ್ಬುಗಳ ಕಥೆ ತೋರಿಸುತ್ತದೆ.

ಯುದ್ಧ ಬಯಲಿಗೆಳೆದ ಗುಟ್ಟು

ಬ್ರಿಟನ್ನಿನಲ್ಲಿ ವೃದ್ಧಾಪ್ಯ ಪಿಂಚಣಿಯ ಕಾನೂನು ಬಂದದ್ದು 1908ರಲ್ಲಿ. 1909ರ ಜನವರಿ 1ರಿಂದ 70 ದಾಟಿದ ಬಡವರಿಗೆ ವಾರಕ್ಕೆ ಹೆಚ್ಚೆಂದರೆ ಐದು ಶಿಲಿಂಗ್ ಕೊಡುವ ಏರ್ಪಾಡಾಯಿತು. ಅದಕ್ಕೆ ಮುಂಚೆ ಕೈಲಾಗದ ಬಡ ಮುದುಕರಿಗೆ ಉಳಿದಿದ್ದ ದಾರಿ ಮಕ್ಕಳ ಮನೆ ಅಥವಾ ವರ್ಕ್‌ಹೌಸ್ ಎಂಬ ಬಡವರ ದುಡಿಮೆಮನೆ. ಆ ಕಟ್ಟಡದ ಹೆಸರು ಹೇಳಿದರೆ ಸಾಕು, ಇಂಗ್ಲೆಂಡಿನ ಬಡವರು ನಡುಗುತ್ತಿದ್ದರು. ಗಂಡನನ್ನು ಒಂದು ಕಡೆ, ಹೆಂಡತಿಯನ್ನು ಇನ್ನೊಂದು ಕಡೆ ಇಡುವ ಪದ್ಧತಿ ಅಲ್ಲಿ ಬಹುಕಾಲ ನಡೆದುಬಂದಿತ್ತು. ಪಿಂಚಣಿ ಬಂದ ಮೇಲೆ ಮುದುಕರು ತಮ್ಮ ತಮ್ಮ ಕೋಣೆಗಳಲ್ಲೇ ಉಳಿಯುವಂತಾಯಿತು. ಸರ್ಕಾರ ತನ್ನ ಕೆಲಸ ಮುಗಿಯಿತೆಂದುಕೊಂಡಿತು.

1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಯಿತು. ಬಾಂಬ್ ದಾಳಿಯಲ್ಲಿ ಗಾಯಗೊಂಡವರಿಗೆ ಹಾಸಿಗೆ ಬೇಕೆಂದು ಆಸ್ಪತ್ರೆಗಳನ್ನು ಖಾಲಿ ಮಾಡಿಸಲಾಯಿತು. ಕೆಲವೇ ದಿನಗಳಲ್ಲಿ ಸುಮಾರು 1,40,000 ರೋಗಿಗಳನ್ನು ಮನೆಗೆ ಕಳಿಸಿದರು. ಅವರಲ್ಲಿ ದೀರ್ಘಕಾಲದಿಂದ ಹಾಸಿಗೆ ಹಿಡಿದಿದ್ದ ವೃದ್ಧರೂ ಇದ್ದರು. ಮಕ್ಕಳನ್ನು, ಬಾಣಂತಿಯರನ್ನು ಹಳ್ಳಿಗಳಿಗೆ ಸಾಗಿಸಲು ಯೋಜನೆಯಿತ್ತು, ರೈಲುಗಳಿದ್ದವು. ಮುದುಕರಿಗೆ ಅಂಥ ಯೋಜನೆಯಿರಲಿಲ್ಲ. ಗಂಡುಮಕ್ಕಳು ಸೈನ್ಯಕ್ಕೆ ಹೋದರು, ಹೆಣ್ಣುಮಕ್ಕಳು ಮದ್ದುಗುಂಡಿನ ಕಾರ್ಖಾನೆಗಳಿಗೆ ಹೋದರು, ಮೊಮ್ಮಕ್ಕಳು ಹಳ್ಳಿಗಳಿಗೆ ಹೋದರು. ಅಜ್ಜ ಅಜ್ಜಿಯರು ಲಂಡನ್ನಿನ ಕತ್ತಲ ಬೀದಿಗಳಲ್ಲಿ ಉಳಿದರು. 1940ರ ಸೆಪ್ಟೆಂಬರಿನಿಂದ ಬಾಂಬುಗಳು ಬೀಳತೊಡಗಿದಾಗ ಸುರಂಗ ರೈಲು ನಿಲ್ದಾಣಗಳಲ್ಲಿ ರಾತ್ರಿ ಕಳೆದವರಲ್ಲಿ ಇವರೂ ಇದ್ದರು.

ಅದೇ 1940ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಪಿಂಚಣಿ ಸಾಲದವರಿಗೆ ಪೂರಕ ಪಿಂಚಣಿ ಕೊಡುವುದಾಗಿ ಸರ್ಕಾರ ಪ್ರಕಟಿಸಿತು. ನಾಲ್ಕು ಲಕ್ಷ ಜನ ಅರ್ಜಿ ಹಾಕಬಹುದೆಂದು ಅಧಿಕಾರಿಗಳ ಅಂದಾಜು. ಬಂದ ಅರ್ಜಿಗಳು ಹತ್ತು ಲಕ್ಷವನ್ನು ಮೀರಿದವು. ಇಷ್ಟು ಜನ ಇಷ್ಟು ವರ್ಷ ಬಾಯಿಬಿಡದೆ ಕೂತಿದ್ದರೆಂದು ಆಗ ಎಲ್ಲರಿಗೂ ಗೊತ್ತಾಯಿತು. ಮರ್ಯಾದಸ್ಥರ ಬಡತನ ಹೇಗಿರುತ್ತದೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾಗಿಲಿಗೆ ಪರದೆ ಇರುತ್ತದೆ, ಒಲೆಯ ಮೇಲೆ ಖಾಲಿ ಪಾತ್ರೆ ಇರುತ್ತದೆ.

ಅರ್ಜಿಗಳನ್ನು ಪರಿಶೀಲಿಸಲು ಅಧಿಕಾರಿಗಳು ಮನೆಮನೆಗೆ ಹೋಗಬೇಕಾಯಿತು. ಬಾಗಿಲು ತೆರೆದ ಮೇಲೆ ಬಡತನದ ಜೊತೆಗೆ ಇನ್ನೊಂದು ಕೊರತೆಯೂ ಕಾಣಿಸಿತು. ದಿನಗಟ್ಟಲೆ ಯಾರೊಡನೆಯೂ ಮಾತಾಡದ ಜನ ಆ ಕೋಣೆಗಳಲ್ಲಿದ್ದರು. ಪೂರಕ ಪಿಂಚಣಿಯಿಂದ ಕಲ್ಲಿದ್ದಲು ಕೊಳ್ಳಬಹುದಿತ್ತು. ಆ ಕಲ್ಲಿದ್ದಲಿನ ಬೆಂಕಿಯ ಮುಂದೆ ಜೊತೆಗೆ ಕೂರುವ ಮನುಷ್ಯರನ್ನು ಕೊಳ್ಳಲಾಗುತ್ತಿರಲಿಲ್ಲ.

ವೈಸರಾಯ್ ಕಚೇರಿಯಿಂದ ಬಂದ ಹೆಣ್ಣುಮಗಳು

ಡಾರ್ಬಿ ಮತ್ತು ಜೋನ್ ಕ್ಲಬ್ಬುಗಳನ್ನು ನಾಡಿನುದ್ದಕ್ಕೂ ಹಬ್ಬಿಸಿದ್ದು ಮಹಿಳಾ ಸ್ವಯಂಸೇವಾ ಸಂಸ್ಥೆ. ಅದನ್ನು 1938ರಲ್ಲಿ ಕಟ್ಟಿದವರು ಸ್ಟೆಲ್ಲಾ ಐಸಾಕ್ಸ್. ಈಕೆಗೆ ಹಿಂದೂಸ್ತಾನದ ನಂಟಿದೆ. 1920ರ ದಶಕದಲ್ಲಿ ವೈಸರಾಯ್ ಲಾರ್ಡ್ ರೀಡಿಂಗ್ ಅವರ ಸಿಬ್ಬಂದಿಯಲ್ಲಿ ಕೆಲಸ ಮಾಡಲು ಆಕೆ ಇಲ್ಲಿಗೆ ಬಂದಿದ್ದರು. ವೈಸರಾಯ್ ಪತ್ನಿ ತೀರಿಕೊಂಡ ನಂತರ 1931ರಲ್ಲಿ ಲಾರ್ಡ್ ರೀಡಿಂಗ್ ಆಕೆಯನ್ನು ಮದುವೆಯಾದರು. ಅಸಹಕಾರ ಚಳವಳಿಯ ಕಾಲದಲ್ಲಿ ಗಾಂಧೀಜಿಯವರನ್ನೂ ಅಲಿ ಸಹೋದರರನ್ನೂ ಜೈಲಿಗೆ ಕಳಿಸಿದ ವೈಸರಾಯ್ ಈತನೇ ಎಂಬುದನ್ನು ನಾವು ಮರೆಯುವಂತಿಲ್ಲ. ಸಾಮ್ರಾಜ್ಯದ ಲೆಕ್ಕ ಬೇರೆ, ಮುದುಕಿಯರಿಗೆ ಚಹಾ ಮಾಡಿಕೊಟ್ಟ ಲೆಕ್ಕ ಬೇರೆ. ಚರಿತ್ರೆ ಓದುವವರು ಎರಡನ್ನೂ ಬರೆದಿಟ್ಟುಕೊಳ್ಳಬೇಕು.

ಲೇಡಿ ರೀಡಿಂಗ್ ಅವರ ಸಂಸ್ಥೆ ಹುಟ್ಟಿದ್ದು ವಾಯುದಾಳಿಯ ಕಾಲದಲ್ಲಿ ನೆರವಾಗುವುದಕ್ಕೆ. ಹಸಿರು ಸಮವಸ್ತ್ರದ ಹತ್ತು ಲಕ್ಷದಷ್ಟು ಹೆಂಗಸರು ಅದರಲ್ಲಿದ್ದರು. ಮಕ್ಕಳನ್ನು ಸಾಗಿಸುವುದು, ಮನೆ ಕಳೆದುಕೊಂಡವರಿಗೆ ಬಟ್ಟೆ ಹಂಚುವುದು, ಸಂಚಾರಿ ಅಡುಗೆಮನೆ ನಡೆಸುವುದು ಅವರ ಕೆಲಸ. ಈ ಕೆಲಸಗಳ ನಡುವೆ ಮುದುಕರ ಒಂಟಿತನ ಅವರ ಕಣ್ಣಿಗೆ ಬಿತ್ತು. ಆಗ ಚಹಾ ಪಡಿತರದ ವಸ್ತು. ತಲೆಗೆ ವಾರಕ್ಕೆ ಎರಡು ಔನ್ಸ್, ಅಂದರೆ 57 ಗ್ರಾಮಿನಷ್ಟು. ಒಂಟಿ ಮನುಷ್ಯನೊಬ್ಬ ಅದರಲ್ಲಿ ಅತಿಥಿಗೆ ಚಹಾ ಕೊಡುವುದು ಹೇಗೆ? ಕರೆಯಲಾಗದವರು ಕ್ರಮೇಣ ಕರೆಸಿಕೊಳ್ಳುವುದನ್ನೂ ಬಿಡುತ್ತಾರೆ. ಎಲ್ಲರಿಗೂ ಸೇರಿದ ಒಂದು ಕೋಣೆಯಲ್ಲಿ ಈ ಮುಜುಗರ ಇರಲಿಲ್ಲ. ಅಲ್ಲಿ ಯಾರೂ ಯಾರ ಅತಿಥಿಯೂ ಅಲ್ಲ.

ಹೆಸರಿನ ಕಥೆಯೂ ಸ್ವಾರಸ್ಯವಾಗಿದೆ. 1735ರಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್' ಎಂಬ ಪತ್ರಿಕೆಯಲ್ಲಿ ಒಂದು ಪದ್ಯ ಪ್ರಕಟವಾಯಿತು. ಹೆನ್ರಿ ವುಡ್‌ಫಾಲ್ ಎಂಬುವನು ಬರೆದದ್ದೆನ್ನುತ್ತಾರೆ. ಅದರಲ್ಲಿ ಬರುವ ಡಾರ್ಬಿ ಮುದುಕ, ಜೋನ್ ಅವನ ಹೆಂಡತಿ. ಬೆಳಿಗ್ಗೆ ಸಂಜೆ ಜೊತೆಯಾಗಿ ಕಾಲ ಕಳೆಯುವ ತೃಪ್ತ ದಂಪತಿ. ಅಂದಿನಿಂದ ಇಂಗ್ಲಿಷಿನಲ್ಲಿ ವಯಸ್ಸಾದ ಅನ್ಯೋನ್ಯ ಜೋಡಿಗೆ ಡಾರ್ಬಿ ಮತ್ತು ಜೋನ್ ಎಂದೇ ಹೆಸರು. ಆದರೆ ಕ್ಲಬ್ಬಿಗೆ ಬರುತ್ತಿದ್ದವರಲ್ಲಿ ಜೋಡಿಗಳು ಎಷ್ಟು? ಹೆಚ್ಚಿನವರು ಒಬ್ಬೊಬ್ಬರೇ ಆಗಿದ್ದ ಹೆಂಗಸರು. ಒಂದನೆಯ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರು, ಮದುವೆಯೇ ಆಗದೆ ಉಳಿದವರು, ಗಂಡನಿಗಿಂತ ಹೆಚ್ಚು ಕಾಲ ಬದುಕಿದವರು. ಡಾರ್ಬಿಗಳು ಗೋರಿ ಸೇರಿದ್ದರು, ಜೋನ್‌ಗಳು ಚಹಾದ ಮೇಜಿನ ಸುತ್ತ ಕೂತಿದ್ದರು. ಹೆಸರು ಜೋಡಿಯದು, ಸದಸ್ಯತ್ವ ಒಂಟಿಯದು. ಕತೆ ಬರೆಯುವ ನಮ್ಮಂಥವರು ಈ ವ್ಯಂಗ್ಯವನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ, ಚರಿತ್ರೆಯೇ ಬರೆದಿಟ್ಟಿದೆ.

ಅಲ್ಲಿ ನಡೆಯುತ್ತಿದ್ದದ್ದು ದೊಡ್ಡ ಸಂಗತಿಗಳಲ್ಲ. ಚಹಾ, ಬಿಸ್ಕತ್ತು, ಎಲೆಯಾಟ, ಡಾಮಿನೋ, ಪಿಯಾನೋ ಸುತ್ತ ಹಳೆಯ ಹಾಡು, ಹೆಣಿಗೆ. ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಸಮುದ್ರತೀರಕ್ಕೆ ಪ್ರವಾಸ, ಕ್ರಿಸ್‌ಮಸ್‌ಗೆ ಒಂದು ಊಟ. ಸದಸ್ಯರು ಕೆಲವು ಪೆನ್ನಿಗಳ ಚಂದಾ ಕೊಡುತ್ತಿದ್ದರು. ಈ ಪೆನ್ನಿಗಳು ಮುಖ್ಯ. ಕ್ಲಬ್ಬಿನ ಖರ್ಚು ಅದರಿಂದ ಹುಟ್ಟುತ್ತಿತ್ತೆಂದಲ್ಲ. ಚಂದಾ ಕೊಟ್ಟವನು ಫಲಾನುಭವಿಯಾಗಿ ಉಳಿಯುವುದಿಲ್ಲ, ಸದಸ್ಯನಾಗುತ್ತಾನೆ. ಚಹಾ ಚೆನ್ನಾಗಿಲ್ಲ ಎಂದು ಹೇಳುವ ಹಕ್ಕು ಅವನಿಗೆ ಬರುತ್ತದೆ.

ಅಟ್ಲಾಂಟಿಕ್ ಆಚೆಯ ಇನ್ನೊಂದು ಕೋಣೆ

ಅದೇ ಯುದ್ಧಕಾಲದಲ್ಲಿ, 1943ರಲ್ಲಿ, ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿಯೂ ಇಂಥದೇ ಒಂದು ಕೇಂದ್ರ ತೆರೆಯಿತು. ಅಮೆರಿಕದಲ್ಲಿ ವೃದ್ಧರಿಗೆಂದೇ ನಡೆದ ಮೊದಲ ಹಗಲುಕೇಂದ್ರವೆಂದು ಅದನ್ನು ಗುರುತಿಸುತ್ತಾರೆ. ಆ ವರ್ಷದ ಆರಂಭದಲ್ಲಿ ವಿಮಾನ ಅಪಘಾತದಲ್ಲಿ ಮಡಿದ ನಗರದ ಕಲ್ಯಾಣ ಆಯುಕ್ತ ವಿಲಿಯಂ ಹಾಡ್ಸನ್ ಅವರ ಹೆಸರನ್ನು ಅದಕ್ಕೆ ಇಡಲಾಯಿತು. ಅದರ ಹುಟ್ಟಿನ ಹಿಂದೆ ಒಂದು ಸಣ್ಣ ಗಮನಿಕೆ ಇದೆ. ನೆರವಿನ ಹಣಕ್ಕಾಗಿ ಕಲ್ಯಾಣ ಇಲಾಖೆಯ ಕಚೇರಿಗೆ ಬರುತ್ತಿದ್ದ ವಯಸ್ಸಾದವರು ಕೆಲಸ ಮುಗಿದರೂ ಎದ್ದು ಹೋಗುತ್ತಿರಲಿಲ್ಲ. ಏನಾದರೊಂದು ನೆಪ ಹೂಡಿ ಮತ್ತೆ ಬರುತ್ತಿದ್ದರು. ಮಾತಾಡಲು ಯಾರೂ ಇಲ್ಲದವರಿಗೆ ಕಚೇರಿಯ ಗುಮಾಸ್ತನೂ ಆಪ್ತನೇ. ಇದನ್ನು ಕಂಡ ಸಮಾಜ ಕಾರ್ಯಕರ್ತರು, ಇವರು ಕೇಳುತ್ತಿರುವುದು ಹಣವನ್ನಷ್ಟೇ ಅಲ್ಲ ಎಂದು ಅರ್ಥಮಾಡಿಕೊಂಡರು.

ನಮ್ಮ ತಾಲೂಕು ಕಚೇರಿಯ ಬೆಂಚಿನ ಮೇಲೆ, ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲಿನಲ್ಲಿ, ಪಡಿತರ ಅಂಗಡಿಯ ಮುಂದೆ ಬೇಗ ಬಂದು ಕೂರುವ ವಯಸ್ಸಾದವರನ್ನು ಕಂಡಾಗ ಬ್ರಾಂಕ್ಸಿನ ಆ ಕಾರ್ಯಕರ್ತರ ಕಣ್ಣು ನಮಗೂ ಬೇಕೆನಿಸುತ್ತದೆ. ಸಾಲಿನಲ್ಲಿ ನಿಂತವರೆಲ್ಲ ಸಾಲು ಬೇಗ ಕರಗಲೆಂದು ಬಯಸುತ್ತಾರೆಯೇ?

ಮನೆ ತುಂಬ ಜನರಿದ್ದೂ

ಯುದ್ಧ ಮುಗಿದ ಮೇಲೆ 1947ರಲ್ಲಿ ಸೀಬೋಮ್ ರೌಂಟ್ರಿ ಅಧ್ಯಕ್ಷತೆಯ ಸಮಿತಿಯೊಂದು ಬ್ರಿಟನ್ನಿನ ವೃದ್ಧರ ಸ್ಥಿತಿಗತಿಯ ಬಗ್ಗೆ ವರದಿ ಕೊಟ್ಟಿತು. ಬಡತನದ ಅಧ್ಯಯನಕ್ಕೆ ಹೆಸರಾದ ರೌಂಟ್ರಿಗೆ ಆಗ ಎಪ್ಪತ್ತರ ಮೇಲೆ ವಯಸ್ಸು. ಒಂಟಿತನ ವೃದ್ಧರನ್ನು ಕಾಡುವ ದೊಡ್ಡ ಸಂಕಟವೆಂಬುದನ್ನು ಆ ವರದಿ ಗುರುತಿಸಿತು. ಮರುವರ್ಷ, 1948ರಲ್ಲಿ ಬಂದ ರಾಷ್ಟ್ರೀಯ ನೆರವು ಕಾಯ್ದೆ ಶತಮಾನಗಳ ಹಳೆಯ ಬಡವರ ಕಾನೂನನ್ನು ಕೊನೆಗೊಳಿಸಿತು. ಅದೇ ಕಾಯ್ದೆಯ 31ನೆಯ ಕಲಮು ವೃದ್ಧರಿಗೆ ಊಟ ಮತ್ತು ಮನರಂಜನೆ ಒದಗಿಸುವ ಸ್ವಯಂಸೇವಾ ಸಂಘಗಳಿಗೆ ಹಣ ಕೊಡುವ ಅಧಿಕಾರವನ್ನು ಸ್ಥಳೀಯ ಆಡಳಿತಕ್ಕೆ ಕೊಟ್ಟಿತು. ಮುದುಕರ ಚಹಾಕೂಟಕ್ಕೆ ಕಾನೂನಿನ ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿತು.

ಕ್ಲಬ್ಬುಗಳನ್ನು ಹೊಗಳುವವರ ನಡುವೆ ಅವುಗಳನ್ನು ಅನುಮಾನದಿಂದ ನೋಡಿದವರೂ ಇದ್ದರು. ಪೀಟರ್ ಟೌನ್ಸೆಂಡ್ ಎಂಬ ಯುವ ಸಮಾಜಶಾಸ್ತ್ರಜ್ಞ ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್ ಎಂಬ ಕಾರ್ಮಿಕರ ಕೇರಿಯಲ್ಲಿ 203 ಮಂದಿ ವೃದ್ಧರನ್ನು ಮಾತಾಡಿಸಿದ. 1957ರಲ್ಲಿ ಅವನ ಪುಸ್ತಕ ಬಂತು. ವೃದ್ಧರನ್ನು ಕುಟುಂಬಗಳು ಕೈಬಿಟ್ಟಿವೆ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ಟೌನ್ಸೆಂಡ್ ಕಂಡದ್ದು ಬೇರೆ. ಹೆಚ್ಚಿನ ಅಜ್ಜಿಯರ ಮಗಳು ಹತ್ತಿರದಲ್ಲೇ ಇದ್ದಳು, ದಿನವೂ ಬಂದು ಹೋಗುತ್ತಿದ್ದಳು. ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿದ್ದದ್ದು ಅಜ್ಜಿಯೇ. ಕ್ಲಬ್ಬಿಗೆ ಹೋಗುತ್ತಿದ್ದವರು ಸ್ವಲ್ಪ ಜನ ಮಾತ್ರ. ಕುಟುಂಬದ ಜಾಗವನ್ನು ಕ್ಲಬ್ಬು ತುಂಬಲಾರದು ಎಂಬುದನ್ನು ಅವನ ಪುಸ್ತಕ ಸ್ಪಷ್ಟವಾಗಿ ತೋರಿಸಿತು.

ಇಲ್ಲಿಗೆ ನಮ್ಮಲ್ಲಿ ಕೆಲವರಿಗೆ ಸಮಾಧಾನವಾಗಬಹುದು. "ನೋಡಿದಿರಾ, ನಾವು ಹೇಳುವುದೂ ಅದೇ. ನಮ್ಮಲ್ಲಿ ಕುಟುಂಬವಿದೆ, ನಮಗ್ಯಾಕೆ ಕ್ಲಬ್ಬು?" ಆದರೆ ಟೌನ್ಸೆಂಡ್ ಅಲ್ಲಿಗೇ ನಿಲ್ಲಲಿಲ್ಲ. ಅವನು ಎರಡು ಸ್ಥಿತಿಗಳನ್ನು ಬೇರ್ಪಡಿಸಿದ. ಒಂದು, ಜನಸಂಪರ್ಕವಿಲ್ಲದೆ ಒಬ್ಬಂಟಿಯಾಗಿ ಇರುವುದು. ಇನ್ನೊಂದು, ಬಹುಕಾಲ ಜೊತೆಗಿದ್ದವರನ್ನು ಕಳೆದುಕೊಂಡು ಒಳಗೇ ಪಾಳು ಬೀಳುವುದು. ಗಂಡ ಸತ್ತ ಮೇಲೆ, ಮಗ ದೂರ ಹೋದ ಮೇಲೆ, ಹಳೆಯ ಗೆಳತಿ ಹೋದ ಮೇಲೆ ಬರುವ ಸ್ಥಿತಿ ಇದು. ಒಂಟಿತನದ ನೋವಿಗೆ ಮೊದಲನೆಯದಕ್ಕಿಂತ ಈ ಎರಡನೆಯದೇ ಹೆಚ್ಚು ಕಾರಣವೆಂದು ಅವನು ಕಂಡುಕೊಂಡ. ಅಂದರೆ ಮನೆಯಲ್ಲಿ ಎಷ್ಟು ತಲೆಗಳಿವೆ ಎಂದು ಎಣಿಸಿ ಒಬ್ಬರ ಒಂಟಿತನವನ್ನು ಅಳೆಯಲಾಗದು.

ಅವನು ಇನ್ನೊಂದನ್ನೂ ಕಂಡ. ನಿವೃತ್ತಿಯಾದ ಗಂಡಸಿಗೆ ಮನೆಯಲ್ಲಿ ಜಾಗವೇ ಇರಲಿಲ್ಲ. ಜೀವನವಿಡೀ ದುಡಿಮೆಯ ಜಾಗದಲ್ಲಿ ಗೆಳೆಯರನ್ನು ಕಂಡುಕೊಂಡವನು ಈಗ ಹಗಲು ಹೊತ್ತಿನಲ್ಲಿ ಹೆಂಡತಿ ಮಗಳ ಅಡುಗೆಮನೆಯಲ್ಲಿ ಕಾಲಿಗೆ ಸಿಗುವ ವಸ್ತುವಾಗಿದ್ದ. ಕ್ಲಬ್ಬಿನ ಹೆಣಿಗೆ, ಹಾಡುಗಳೂ ಅವನಿಗೆ ಹಿಡಿಸುತ್ತಿರಲಿಲ್ಲ. ಈ ಕಗ್ಗಂಟಿಗೆ ಒಂದು ಉತ್ತರ ಬಂದದ್ದು ನಾಲ್ಕು ದಶಕದ ನಂತರ ಆಸ್ಟ್ರೇಲಿಯಾದಿಂದ. ಅಲ್ಲಿ 1990ರ ದಶಕದಲ್ಲಿ 'ಮೆನ್ಸ್ ಶೆಡ್' ಎಂಬ ಕೂಟಗಳು ಶುರುವಾದವು. ಅಲ್ಲಿಗೆ ಗಂಡಸರು ಬರುವುದು ಮಾತಾಡಲಿಕ್ಕಲ್ಲ, ಮುರಿದ ಕುರ್ಚಿ ರಿಪೇರಿ ಮಾಡಲಿಕ್ಕೆ. ಉಳಿ, ಗರಗಸ ಹಿಡಿದು ಪಕ್ಕಪಕ್ಕದಲ್ಲಿ ಕೆಲಸ ಮಾಡುವಾಗ ಮಾತು ತಾನಾಗಿ ಬರುತ್ತದೆ.

ಬಡಿಸುವವರು ಮತ್ತು ಬಡಿಸಿಕೊಳ್ಳುವವರು

ಡಾರ್ಬಿ ಮತ್ತು ಜೋನ್ ಕ್ಲಬ್ಬುಗಳಲ್ಲಿ ಒಂದು ಊನವಿತ್ತು. ಹಲವೆಡೆ ಅವುಗಳನ್ನು ನಡೆಸುತ್ತಿದ್ದವರು ಅನುಕೂಲಸ್ಥ ಮನೆಯ ಹೆಂಗಸರು, ಕೂತು ಚಹಾ ಕುಡಿಯುತ್ತಿದ್ದವರು ಬಡ ಮುದುಕಿಯರು. ಜೀವನಪರ್ಯಂತ ಹತ್ತು ಜನಕ್ಕೆ ಬೇಯಿಸಿ ಹಾಕಿದವಳ ಕೈಗೆ ಕಪ್ಪು ಕೊಟ್ಟು, ನೀವು ಸುಮ್ಮನೆ ಕೂತಿರಿ ಎಂದರೆ ಅದು ಉಪಚಾರವೂ ಹೌದು, ಅವಮಾನವೂ ಹೌದು. ಕಾಲ ಕಳೆದಂತೆ ಆ ಹೆಸರೇ ನಗೆಪಾಟಲಿಗೆ ಈಡಾಯಿತು. ಹೊಸದಾಗಿ ನಿವೃತ್ತರಾದವರು ತಮ್ಮನ್ನು ಮುದುಕರ ಕ್ಲಬ್ಬಿನವರೆಂದು ಕರೆಸಿಕೊಳ್ಳಲು ಒಪ್ಪಲಿಲ್ಲ.

ಇದಕ್ಕೆ ಎದುರಾಗಿ ಬೆಳೆದದ್ದು 'ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ'. 1973ರಲ್ಲಿ ಫ್ರಾನ್ಸಿನ ಟೂಲೂಸ್ ನಗರದಲ್ಲಿ ಪಿಯರ್ ವೆಲ್ಲಾಸ್ ಎಂಬ ಪ್ರಾಧ್ಯಾಪಕ ಇದನ್ನು ಶುರುಮಾಡಿದರು. ಅಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕರು ವೃದ್ಧರಿಗೆ ಪಾಠ ಹೇಳುತ್ತಿದ್ದರು. 1980ರ ದಶಕದ ಆರಂಭದಲ್ಲಿ ಪೀಟರ್ ಲ್ಯಾಸ್ಲೆಟ್, ಮೈಕೆಲ್ ಯಂಗ್, ಎರಿಕ್ ಮಿಡ್‌ವಿಂಟರ್ ಎಂಬ ಮೂವರು ಅದನ್ನು ಬ್ರಿಟನ್ನಿಗೆ ತಂದಾಗ ಅಧ್ಯಾಪಕರನ್ನೇ ಕೈಬಿಟ್ಟರು. ವೃದ್ಧರೇ ವೃದ್ಧರಿಗೆ ಕಲಿಸಬೇಕು. ಪರೀಕ್ಷೆಯಿಲ್ಲ, ಪದವಿಯಿಲ್ಲ. ಗಣಿತ ಬಲ್ಲವನು ಗಣಿತ ಹೇಳಿಕೊಡುತ್ತಾನೆ, ತೋಟ ಬಲ್ಲವಳು ತೋಟ ಹೇಳಿಕೊಡುತ್ತಾಳೆ. ಇಂದು ಬ್ರಿಟನ್ನಿನಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಗುಂಪುಗಳಿವೆ. ಟೌನ್ಸೆಂಡ್ ತನ್ನ ಅಧ್ಯಯನ ನಡೆಸಿದ ಬೆತ್ನಲ್ ಗ್ರೀನಿನ ಸಂಶೋಧನಾ ಸಂಸ್ಥೆಯನ್ನು ಕಟ್ಟಿದವರು ಇದೇ ಮೈಕೆಲ್ ಯಂಗ್ ಎಂಬುದು ಗಮನಿಸಬೇಕಾದ ಸಂಗತಿ. ಅಜ್ಜಿಯರ ಮಾತನ್ನು ಕೇಳಿಸಿಕೊಂಡ ಮೇಲೆ ಬಂದ ತಿಳಿವಳಿಕೆ ಅದು.

ಆ ಬೆತ್ನಲ್ ಗ್ರೀನ್ ಆಮೇಲೆ ಏನಾಯಿತು? ಅಲ್ಲಿನ ಬಿಳಿಯ ಕಾರ್ಮಿಕ ಕುಟುಂಬಗಳ ಮಕ್ಕಳು ಹೊರವಲಯಗಳಿಗೆ ಹೋದರು. ಅದರ ಸುತ್ತಮುತ್ತಲಿಗೆ ಬಂಗಾಳದ ಸಿಲ್ಹೆಟ್ ಕಡೆಯ ಮುಸ್ಲಿಮರು ಬಂದು ನೆಲೆಸಿದರು. ಹತ್ತಿರದ ಬ್ರಿಕ್ ಲೇನಿನಲ್ಲಿ 1743ರಲ್ಲಿ ಫ್ರೆಂಚ್ ನಿರಾಶ್ರಿತ ಕ್ರೈಸ್ತರು ಕಟ್ಟಿದ ಪ್ರಾರ್ಥನಾ ಮಂದಿರವೊಂದಿದೆ. ಅದು 1898ರಲ್ಲಿ ಯಹೂದಿಗಳ ಸಿನಗಾಗ್ ಆಯಿತು, 1976ರಲ್ಲಿ ಮಸೀದಿಯಾಯಿತು. ಬ್ರಿಟನ್ನಿಗೆ ಬಂದ ಮೊದಲ ತಲೆಮಾರಿನ ದಕ್ಷಿಣ ಏಷ್ಯಾದ ಗಂಡಸರು ದುಡಿದು ಊರಿಗೆ ಮರಳುವ ಕನಸಿನಲ್ಲೇ ಇದ್ದರು. ಮುಹಮ್ಮದ್ ಅನ್ವರ್ 1979ರ ತಮ್ಮ ಪುಸ್ತಕದಲ್ಲಿ ಇದನ್ನು 'ಮರಳುವಿಕೆಯ ಮಿಥ್ಯೆ' ಎಂದು ಕರೆದರು. ಅವರು ಮರಳಲಿಲ್ಲ, ಅಲ್ಲೇ ಮುದುಕರಾದರು. ಇಂಗ್ಲಿಷ್ ಹಾಡು, ಕ್ರಿಸ್‌ಮಸ್ ಊಟದ ಕ್ಲಬ್ಬಿನಲ್ಲಿ ಇವರು ಏನು ಮಾಡಬೇಕು? ಕ್ರಮೇಣ ತಮ್ಮ ಭಾಷೆ, ತಮ್ಮ ಹಲಾಲ್ ಊಟ, ತಮ್ಮ ಹಬ್ಬಗಳಿರುವ ಹಗಲುಕೂಟಗಳನ್ನು ಕಟ್ಟಿಕೊಂಡರು. ಗಂಡಸರಿಗೆ ಮಸೀದಿಯ ಅಂಗಳವಾದರೂ ಇತ್ತು. ಬಂಗಾಳಿಯಲ್ಲದೆ ಬೇರೆ ಭಾಷೆ ಬಾರದೆ ಎತ್ತರದ ಕಟ್ಟಡದ ಮನೆಯಲ್ಲಿ ಕೂತ ಮುದುಕಿಗೆ ಈ ಕೂಟ ಹೊರಜಗತ್ತಿನ ಬಾಗಿಲಾಯಿತು. 1942ರ ಜೋನ್‌ಗಳ ಜಾಗಕ್ಕೆ ಈಗ ಸಿಲ್ಹೆಟಿನ ನಾನಿಯರು ಬಂದಿದ್ದರು.

2010ರ ನಂತರ ಬ್ರಿಟನ್ನಿನ ಸರ್ಕಾರ ಖರ್ಚು ಕಡಿತಕ್ಕೆ ಇಳಿದಾಗ ಸ್ಥಳೀಯ ಆಡಳಿತಗಳ ಅನುದಾನ ಒಣಗಿತು. ಹಲವು ಹಗಲುಕೇಂದ್ರಗಳು ಬಾಗಿಲು ಹಾಕಿದವು. 2018ರಲ್ಲಿ ಅದೇ ದೇಶ ಒಂಟಿತನದ ಸಮಸ್ಯೆಗೆಂದು ಒಬ್ಬ ಸಚಿವರನ್ನು ನೇಮಿಸಿತು. ಕೋಣೆಗಳನ್ನು ಮುಚ್ಚಿ ಮಂತ್ರಿಗಿರಿ ತೆರೆದ ಈ ಲೆಕ್ಕಾಚಾರ ನಮಗೆ ಅಪರಿಚಿತವೇನಲ್ಲ. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು ಜಗತ್ತಿನ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ನರಳುತ್ತಿದ್ದಾರೆಂದು ವರದಿ ಕೊಟ್ಟಿತು.

ಗೌರವ ಬೇರೆ, ಒಡನಾಟ ಬೇರೆ

ಈಗ ನಮ್ಮ ಕಡೆ ತಿರುಗೋಣ. ಉರ್ದುವಿನಲ್ಲಿ ವಯಸ್ಸಾದವರಿಗೆ 'ಬುಜುರ್ಗ್' ಎನ್ನುತ್ತೇವೆ. ಅದರ ಮೂಲಾರ್ಥ ದೊಡ್ಡವರು ಎಂದು. ಕನ್ನಡದ 'ಹಿರಿಯರು' ಎಂಬ ಮಾತಿನಲ್ಲಿಯೂ ಅದೇ ಅರ್ಥವಿದೆ. ನಮ್ಮ ಎರಡೂ ಭಾಷೆಗಳು ಮುಪ್ಪಿಗೆ ಗೌರವವನ್ನು ಹೆಸರಿನಲ್ಲೇ ಕೊಟ್ಟುಬಿಟ್ಟಿವೆ. ಆದರೆ ಗೌರವ ಒಡನಾಟವಲ್ಲ. ಮನೆಯ ದಾದಿಮಾ ಎದುರು ತಲೆಯ ಮೇಲೆ ಸೆರಗು ಎಳೆದುಕೊಳ್ಳುವ ಸೊಸೆ, ಸಲಾಂ ಹೇಳಿ ಮೊಬೈಲಿಗೆ ಮರಳುವ ಮೊಮ್ಮಗ ಇಬ್ಬರೂ ಗೌರವವನ್ನೇ ಕೊಡುತ್ತಿದ್ದಾರೆ. ಅವಳ ಬಾಲ್ಯದ ಊರಿನ ಹೆಸರು ಹೇಳಿದರೆ ಹೌದಲ್ವಾ ಎನ್ನುವವರು, ಅವಳನ್ನು ಹೆಸರು ಹಿಡಿದು ಕರೆಯುವವರು ಆ ಮನೆಯಲ್ಲಿ ಯಾರೂ ಇಲ್ಲ. ಅದಕ್ಕೆ ಸರೀಕರೇ ಬೇಕು.

ಗಂಡಸರಿಗೆ ನಮ್ಮ ಊರುಗಳಲ್ಲಿ ಕೂಡುವ ಜಾಗಗಳಿವೆ. ಅರಳಿಕಟ್ಟೆಯಿದೆ, ಮಸೀದಿಯ ಜಗಲಿಯಿದೆ, ಚಹಾದಂಗಡಿಯ ಬೆಂಚಿದೆ. ನಗರದ ಬಡಾವಣೆಗಳ ಪಾರ್ಕುಗಳಲ್ಲಿ ಹಿರಿಯ ನಾಗರಿಕರ ಸಂಘಗಳು ಹುಟ್ಟಿಕೊಂಡಿವೆ. 1978ರಲ್ಲಿ ಇಂಗ್ಲೆಂಡಿನ 'ಹೆಲ್ಪ್ ದಿ ಏಜ್ಡ್' ಸಂಸ್ಥೆಯ ಪ್ರೇರಣೆಯಿಂದ ಹುಟ್ಟಿದ ಹೆಲ್ಪ್‌ಏಜ್ ಇಂಡಿಯಾ ಕೆಲಸ ಮಾಡುತ್ತಿದೆ. ನೆರೆಯ ಕೇರಳದಲ್ಲಿ 'ಪಗಲ್ ವೀಡು' ಎಂಬ ಹಗಲುಮನೆಗಳನ್ನು ಪಂಚಾಯತಿಗಳೇ ನಡೆಸುತ್ತವೆ. ಆದರೆ ಹೆಂಗಸರಿಗೆ? ಹಿಂದೆ ಬಾವಿಕಟ್ಟೆಯಿತ್ತು, ಬೀಡಿ ಕಟ್ಟುವ ಪಡಸಾಲೆಯಿತ್ತು, ಒಂದು ಮನೆಯ ಹಿತ್ತಲಿನಿಂದ ಇನ್ನೊಂದು ಮನೆಯ ಹಿತ್ತಲಿಗೆ ದಾರಿಯಿತ್ತು. ನಲ್ಲಿ ಮನೆಯೊಳಗೆ ಬಂತು, ಹಿತ್ತಲಿಗೆ ಕಾಂಪೌಂಡ್ ಎದ್ದಿತು. ಇವೆಲ್ಲ ಅನುಕೂಲಗಳೇ. ಆ ಅನುಕೂಲಗಳ ಜೊತೆಗೆ ಏನು ಹೋಯಿತೆಂದು ಯಾರೂ ಎಣಿಸಲಿಲ್ಲ. ಈಗ ನಮ್ಮ ಮುದುಕಿಯರು ಹಳೆಯ ಗೆಳತಿಯರನ್ನು ಕಾಣುವುದು ಮದುವೆ ಮನೆಯಲ್ಲಿ, ಇಲ್ಲವೇ ಮಯ್ಯತ್ತಿನ ಮನೆಯಲ್ಲಿ. ಒಬ್ಬಳು ಸತ್ತರೆ ಮಾತ್ರ ಉಳಿದವರು ಕೂಡಿ ಕೂರಲು ಸಾಧ್ಯ ಎಂಬ ಸ್ಥಿತಿ ಯಾವ ಸಮುದಾಯಕ್ಕೂ ಶೋಭೆಯಲ್ಲ.

2011ರ ಜನಗಣತಿಯಂತೆ ಭಾರತದಲ್ಲಿ 60 ದಾಟಿದವರು ಹತ್ತು ಕೋಟಿಗೂ ಹೆಚ್ಚು. ಅವರಲ್ಲಿ ಹೆಂಗಸರ ಸಂಖ್ಯೆ ಗಂಡಸರಿಗಿಂತ ಹೆಚ್ಚು. ಡಾರ್ಬಿಗಳಿಗಿಂತ ಜೋನ್‌ಗಳು ಇಲ್ಲಿಯೂ ಅಧಿಕ. 2007ರಲ್ಲಿ ಬಂದ ಹೆತ್ತವರ ಮತ್ತು ಹಿರಿಯ ನಾಗರಿಕರ ಪಾಲನೆಯ ಕಾಯ್ದೆ ಮಕ್ಕಳಿಂದ ಜೀವನಾಂಶ ಕೇಳುವ ಹಕ್ಕನ್ನು ಕೊಟ್ಟಿದೆ. ಜಿಲ್ಲೆಗೊಂದು ವೃದ್ಧಾಶ್ರಮದ ಬಗ್ಗೆ ಅದರಲ್ಲಿ ಪ್ರತ್ಯೇಕ ಕಲಮಿದೆ. 'ಕಲ್ಯಾಣ' ಎಂಬ ಪದದ ವಿವರಣೆಯಲ್ಲಿ ಮನರಂಜನಾ ಕೇಂದ್ರ ಎಂಬ ಮಾತೂ ಸೇರಿಕೊಂಡಿದೆ, ಆದರೆ ಅದಕ್ಕೆ ಪ್ರತ್ಯೇಕ ಕಲಮಿಲ್ಲ. ಮನೆಯಿಂದ ಹೊರಗೆ ಹಾಕಲ್ಪಟ್ಟವರ ಬಗ್ಗೆ ಕಾನೂನು ಯೋಚಿಸಿದೆ. ಮನೆಯೊಳಗೇ ಉಳಿದವರ ಹಗಲಿನ ಬಗ್ಗೆ ಯೋಚಿಸಬೇಕಾದವರು ನಾವು.

ಅದಕ್ಕೆ ಲಕ್ಷಾಂತರ ರೂಪಾಯಿ ಬೇಕಿಲ್ಲ ಎಂಬುದನ್ನು ಸ್ಟ್ರೆಥಮ್ಮಿನ ಕಥೆ ತೋರಿಸುತ್ತದೆ. ಬಾಂಬು ಬೀಳುತ್ತಿದ್ದ ದೇಶದಲ್ಲಿ, ವಾರಕ್ಕೆ 57 ಗ್ರಾಂ ಚಹಾ ಪುಡಿಯ ಕಾಲದಲ್ಲಿ ಅದು ಸಾಧ್ಯವಾಯಿತು. ನಮ್ಮ ಮೊಹಲ್ಲಾಗಳಲ್ಲಿ ಶಾದಿಮಹಲುಗಳಿವೆ, ಮದುವೆಯಿಲ್ಲದ ದಿನಗಳಲ್ಲಿ ಅವು ಬೀಗ ಹಾಕಿಕೊಂಡಿರುತ್ತವೆ. ಶಾಲೆಗಳಿಗೆ ಭಾನುವಾರ ರಜೆಯಿದೆ. ಸಮುದಾಯ ಭವನಗಳು ಹಳ್ಳಿಹಳ್ಳಿಯಲ್ಲಿ ಎದ್ದಿವೆ. ವಾರಕ್ಕೊಂದು ಮಧ್ಯಾಹ್ನ ಅವುಗಳ ಬೀಗ ತೆಗೆಯುವುದು ಜಮಾಅತಿನ, ಪಂಚಾಯತಿಯ ಹಿರಿಯರಿಗೆ ಕಷ್ಟದ ಕೆಲಸವೇನಲ್ಲ. ಆದರೆ ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬುದು ಮುಖ್ಯ. ಬಡಿಸುವವರ ಸಾಲು ಒಂದು, ಬಡಿಸಿಕೊಳ್ಳುವವರ ಸಾಲು ಇನ್ನೊಂದು ಆದರೆ ಅದು ಇನ್ನೊಂದು ದಾನದ ಕಾರ್ಯಕ್ರಮವಾಗಿ, ಫೋಟೋದೊಂದಿಗೆ ಮುಗಿಯುತ್ತದೆ. ಚಹಾ ಮಾಡಬಲ್ಲವಳು ಚಹಾ ಮಾಡಲಿ, ಲೆಕ್ಕ ಬಲ್ಲ ನಿವೃತ್ತ ಮೇಷ್ಟ್ರು ಲೆಕ್ಕ ಬರೆಯಲಿ, ಎಲ್ಲರೂ ಐದೋ ಹತ್ತೋ ರೂಪಾಯಿ ಚಂದಾ ಕೊಡಲಿ. ಖದೀಜಾ ಖಾಲಾ, ಗೌರಮ್ಮ, ರೋಜಿ ಬಾಯಿ ಒಂದೇ ಬೀದಿಯಲ್ಲಿ ಐವತ್ತು ವರ್ಷ ಬಾಳಿದವರಾದರೆ ಒಂದೇ ಚಾಪೆಯ ಮೇಲೆ ಕೂರಲಿ. ಅವರನ್ನು ಬೇರೆ ಬೇರೆ ಕೂರಿಸುವ ಉಸಾಬರಿ ಅವರ ಮಕ್ಕಳ ಕಾಲದ್ದು, ಅವರದ್ದಲ್ಲ.

ಡಾರ್ಬಿ ಮತ್ತು ಜೋನ್ ಕ್ಲಬ್ಬು ತನ್ನ ಸದಸ್ಯರಿಗೆ ಕೊಟ್ಟದ್ದು ಚಹಾಕ್ಕಿಂತ ಹೆಚ್ಚಿನದು. ಒಂದು ವಾರ ಬರದೆ ಹೋದರೆ ಮುಂದಿನ ವಾರ, "ಯಾಕಮ್ಮ, ಹೋದ ವಾರ ಕಾಣಲಿಲ್ಲ?" ಎಂದು ಕೇಳುವವರು ಅಲ್ಲಿದ್ದರು. ಎರಡು ವಾರ ಬರದಿದ್ದರೆ ಮನೆಗೆ ಹೋಗಿ ಬಾಗಿಲು ತಟ್ಟುವವರಿದ್ದರು. ನಿಮ್ಮ ಬೀದಿಯಲ್ಲಿ ವಯಸ್ಸಾದ ಎಷ್ಟು ಜನರಿಗೆ, ಮನೆಯವರನ್ನು ಬಿಟ್ಟು, ಆ ಪ್ರಶ್ನೆ ಕೇಳುವವರಿದ್ದಾರೆ? ಈ ಪುಟ ಮಡಿಸಿಟ್ಟ ಮೇಲೆ ಒಮ್ಮೆ ಎಣಿಸಿ ನೋಡಿ.